ಸಾಮಾಜಿಕ ಬಂಡವಾಳ: ಒಂದು ಪದದ ವಿಮರ್ಶೆ

ವಿದ್ಯೆಯು ದಾಯಾದಿಗಳು ಪಾಲುಮಾಡಿಕೊಳ್ಳಲಾರದ ಧನವೆಂದು ಸುಭಾಷಿತಕಾರರು ಕೊಂಡಾಡಿರುವರಷ್ಟೆ. ಆದರೆ ಆ ಧನವನ್ನು ಸೇರುವ ದಾರಿಯು ಬಹುಮಟ್ಟಿಗೆ ದಾಯವಾಗಿಯೇ ಬರುವುದು. ಈ ವಿಚಾರವನ್ನು ಇಂದಿನ ಶಿಕ್ಷಣಶಾಸ್ತ್ರವು 'ಸಾಮಾಜಿಕ ಬಂಡವಾಳ'ವೆಂಬ ಹೆಸರಿನಿಂದ ಚರ್ಚಿಸುತ್ತಿದೆ.

1916ರಲ್ಲಿ ಅಮೆರಿಕದ ಪಶ್ಚಿಮ ವರ್ಜೀನಿಯದ ಗ್ರಾಮಶಾಲೆಗಳನ್ನು ಕುರಿತು ಬರೆದ ಹ್ಯಾನಿಫನ್ ಎಂಬವರು ಈ ಪದದಿಂದ ನೆರೆಹೊರೆಯವರ ಸೌಹಾರ್ದವನ್ನು ಸೂಚಿಸಿದರು. ಅದನ್ನು ಬೆಳೆಯಿಸತಕ್ಕ ಸ್ಥಾನವು ಶಾಲೆಯೆಂಬುದು ಅವರ ಮತ. ಫ್ರಾನ್ಸಿನ ಬೋರ್ದಿಯೂ ಅವರಾದರೋ, ಪರಿಚಯಗಳು ಉಳ್ಳವರಲ್ಲಿಯೇ ಶೇಖರವಾಗಿ ಪದವಿಯಾಗಿಯೂ ಧನವಾಗಿಯೂ ಮಾರ್ಪಡುವ ಬಗೆಯನ್ನು ತೋರಿಸಿದರು. 1988ರಲ್ಲಿ ಅಮೆರಿಕದ ಕೋಲ್ಮನ್ ಅವರು ಪ್ರೌಢಶಾಲೆಯನ್ನು ನಡುವೆ ಬಿಡುವವರನ್ನು ಲೆಕ್ಕಹಾಕಿದರು: ಸರಕಾರಿ ಶಾಲೆಗಳಲ್ಲಿ ನೂರಕ್ಕೆ 14.4, ಕ್ಯಾಥೊಲಿಕ್ ಶಾಲೆಗಳಲ್ಲಿ 3.4. ತಾಯಿತಂದೆಗಳು ಪರಸ್ಪರ ಬಲ್ಲವರಾಗಿರುವುದೇ ಈ ಅಂತರಕ್ಕೆ ಮುಖ್ಯ ಕಾರಣವೆಂದರು. ಊರಿಂದೂರಿಗೆ ತಿರುಗುವ ಕುಟುಂಬದಲ್ಲಿ ಈ ಬಂಡವಾಳವು ಕಡಮೆಯೆಂದೂ ಗಣಿಸಿದರು.

ಈ ಅಳತೆಗೋಲನ್ನು ಚೆಟ್ಟಳ್ಳಿಯ ಕಾಫಿತೋಟಗಳಿಗೆ ಹಿಡಿದು ನೋಡಬಹುದು. ಒಕ್ಕ, ಐನ್‌ಮನೆಗಳುಳ್ಳ ಮನೆತನದ ಮಗುವಿಗೆ ಬಂಧುಬಳಗದ ಆಸರೆಯುಂಟು. ಲೈನುಮನೆಗೆ ಕೊಯ್ಲಿಗಾಗಿ ಬಂದವರ ಮಗುವಿಗೆ ಅದಿಲ್ಲ. ಅರೇಬಿಕಾ, ರೊಬಸ್ಟಾಗಳ ಕೊಯ್ಲು ಡಿಸೆಂಬರಿನಿಂದ ಮಾರ್ಚಿಯವರೆಗೆ, ಅಂದರೆ ವಾರ್ಷಿಕ ಪರೀಕ್ಷೆಗೆ ಸಿದ್ಧವಾಗಬೇಕಾದ ತಿಂಗಳುಗಳಲ್ಲಿಯೇ ಬರುವುದು. ಅವರ ತಿರುಗಾಟಕ್ಕೆ ಮೂಲವು ಕೂಲಿಯೇ ಹೊರತು ಬಾಂಧವ್ಯದ ಕೊರತೆಯಲ್ಲ. ಒಬ್ಬಳ ಕೂಸನ್ನು ಇನ್ನೊಬ್ಬಳು ನೋಡಿಕೊಳ್ಳುವ ಸ್ನೇಹವು ಲೈನಿನಲ್ಲಿಯೂ ಇದೆ. ಆ ಸ್ನೇಹವು ಮುಖ್ಯೋಪಾಧ್ಯಾಯರ ಕೊಠಡಿಯವರೆಗೆ ಮುಟ್ಟದು, ಅಷ್ಟೆ. ಮುಟ್ಟದುದನ್ನು 'ಇಲ್ಲ'ವೆಂದು ಬರೆದುಕೊಳ್ಳುವುದು ಈ ಅಳತೆಯ ದೋಷ.

ಕರ್ನಾಟಕದಲ್ಲಿ 2001ರಿಂದ ಶಾಲಾಭಿವೃದ್ಧಿ ಸಮಿತಿಗಳಿವೆ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಶಾಲೆಯ ಸಮಿತಿಯಲ್ಲಿ ಮುಕ್ಕಾಲುಪಾಲು ಪೋಷಕರೂ ಅರ್ಧದಷ್ಟು ಸ್ತ್ರೀಯರೂ ಇರಬೇಕೆಂದು ವಿಧಿಸಿತು. ದುರ್ಬಲವರ್ಗದ ಪೋಷಕರಿಗೆ ಪ್ರಮಾಣಾನುಸಾರ ಸ್ಥಾನವನ್ನೂ ಕೊಟ್ಟಿತು. ವಿಧಿಯು ಶ್ಲಾಘ್ಯವೇ. ಆದರೆ ಕೆಲಸದ ದಿನ ಸಭೆ ಕರೆದರೆ ಕೊಯ್ಲಿನವಳು ಆ ದಿನದ ಕೂಲಿಯನ್ನು ತೆತ್ತು ಬರಬೇಕು. ತೋಟದ ಯಜಮಾನನಿಗೆ ಆ ವೆಚ್ಚವಿಲ್ಲ. ಒಂದೇ ಬಂಡವಾಳಕ್ಕೆ ಇಬ್ಬರು ತೆರುವ ಬೆಲೆ ಒಂದಲ್ಲ.

ಇದೇ ಕಾಯಿದೆಯ ಇನ್ನೊಂದು ವಿಧಿಯು ಹೆಚ್ಚು ಬೆಲೆಯುಳ್ಳದ್ದು: ವರ್ಗಾವಣೆಯ ಪತ್ರವು ತಡವಾಯಿತೆಂದು ಮಗುವಿಗೆ ಪ್ರವೇಶವನ್ನು ನಿರಾಕರಿಸಕೂಡದು. ಇಲ್ಲಿ ಯಾರ ಪರಿಚಯವೂ ಬೇಕಿಲ್ಲ. ಸಭೆಯನ್ನು ವಾರದ ರಜೆಯ ದಿನ ಲೈನಿನ ಅಂಗಳದಲ್ಲಿಯೇ ನಡೆಸಿದರೆ ಹ್ಯಾನಿಫನ್ನರ ಮೂಲಾರ್ಥವೂ ಸಾರ್ಥಕವಾದೀತು. ಬಡವರಿಗೆ ಸಂಬಂಧಗಳನ್ನು ಗಳಿಸಿಕೊಳ್ಳಿರೆಂದು ಬೋಧಿಸುವ ನೀತಿಗಿಂತ, ಸಂಬಂಧಗಳಿಲ್ಲದವನಿಗೂ ಬಾಗಿಲು ತೆರೆಯುವ ಶಾಲೆಯೇ ಮೇಲು.