ಯಾರವನು ಈ ಶ್ರೀಸಾಮಾನ್ಯ?

ಆರ್.ಕೆ. ಲಕ್ಷ್ಮಣ್ (1921–2015) ಅವರನ್ನು ಶ್ರೀಸಾಮಾನ್ಯನ ವ್ಯಂಗ್ಯಚಿತ್ರಕಾರ ಎಂದೇ ಎಲ್ಲರೂ ಹೊಗಳುತ್ತಾರೆ. ಹೊಗಳಲಿ. ರೋಣ, ನರಗುಂದ, ಗಜೇಂದ್ರಗಡದ ಕಡೆಯ ನಾವು ಕೇಳೋದು ಇಷ್ಟೇ: ಯಾರ ಮನೆಯ ಸಾಮಾನ್ಯ ಇವನು?

ಲಕ್ಷ್ಮಣ್ ಮೈಸೂರಿನ ಹೆಡ್‌ಮಾಸ್ತರರ ಮಗ. ಪ್ರತಿಭೆ ಸಾಲದೆಂದು ಮುಂಬಯಿಯ ಜೆ.ಜೆ. ಕಲಾಶಾಲೆ ಅವರನ್ನು ಸೇರಿಸಿಕೊಳ್ಳಲಿಲ್ಲ. ಅವರು ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದಿದರು, ಅಣ್ಣ ಆರ್.ಕೆ. ನಾರಾಯಣರ ಕಥೆಗಳಿಗೆ ಚಿತ್ರ ಬರೆದರು. ಡಾ. ಎಂ. ಶಿವರಾಂ 1942ರಲ್ಲಿ ಬೆಂಗಳೂರಿನಲ್ಲಿ ತೆಗೆದ ನಗೆಪತ್ರಿಕೆ 'ಕೊರವಂಜಿ'ಯಲ್ಲಿ ಅವರ ಗೆರೆ ಪಳಗಿತು. ಆಮೇಲೆ ಮುಂಬಯಿ, ಫ್ರೀ ಪ್ರೆಸ್ ಜರ್ನಲ್, ಟೈಮ್ಸ್ ಆಫ್ ಇಂಡಿಯಾ. 1951ರಲ್ಲಿ 'ಯೂ ಸೆಡ್ ಇಟ್' ಶುರುವಾಯಿತು. ಅಂದರೆ, ನೀವೇ ಹೇಳಿದಿರಿ! ಆದರೆ ಅದರಲ್ಲಿರುವ ಮನುಷ್ಯ ಅರ್ಧ ಶತಮಾನ ತುಟಿಪಿಟಕ್ ಅನ್ನಲಿಲ್ಲ. (ಅವನ ಹೆಂಡತಿ ಮಾತಾಡುತ್ತಾಳೆ, ಅದು ಬ್ಯಾರೆ.)

ಬೋಳುತಲೆ, ಕನ್ನಡಕ, ಚೌಕಳಿ ಕೋಟು, ಧೋತರ. ಈ ವೇಷದಲ್ಲಿ ರೋಣದ ಕೂಲಿಕಾರ ಕಾಣುತ್ತಾನೇನು? ಕಾಣುವುದಿಲ್ಲ. ಇವನು ಪೇಪರ್ ಓದಬಲ್ಲವನು, ಮಂತ್ರಿಯ ಪಕ್ಕದಲ್ಲಿ ನಿಂತರೂ ಯಾರೂ 'ದೂರ ಸರಿ' ಅನ್ನದವನು. ಲಕ್ಷ್ಮಣ್ ಬಡವರನ್ನು ಬರೆಯಲಿಲ್ಲವೆಂದು ನಾವು ಹೇಳುತ್ತಿಲ್ಲ. ಬರ ನೋಡಲು ಬಂದ ದಪ್ಪ ಮಂತ್ರಿ, ಮುಂದೆ ಎಲುಬು ಎಣಿಸುವಂಥ ಹಳ್ಳಿಗರು: ಅಂಥ ಚಿತ್ರಗಳಲ್ಲೇ ಅವರ ಕುಂಚ ಕುಡುಗೋಲಾಗುತ್ತದೆ. ಅಲ್ಲಿಯೂ ಆ ಹಳ್ಳಿಗರು ನೋಡುತ್ತಲೇ ನಿಲ್ಲುತ್ತಾರೆ. ನೋಡುವವನನ್ನೇ ಜನ ಎಂದು ಒಪ್ಪಿಸಿದ್ದು ಈ ಕಲೆಯ ದೊಡ್ಡ ಗೆಲುವು. ನಮ್ಮ ತಕರಾರೂ ಅದೇ. ಯಾಕಂದ್ರ ನರಗುಂದದ ಜನ ನೋಡುತ್ತ ನಿಲ್ಲಲಿಲ್ಲ. ಮಲಪ್ರಭೆಯ ನೀರಿನ ಕರ ಕೊಡಲಾರೆವೆಂದು 1980ರ ಜುಲೈ 21ರಂದು ಬೀದಿಗೆ ಬಂದರು, ಗುಂಡಿಗೆ ಎದೆ ಕೊಟ್ಟರು. ಚೌಕಳಿ ಕೋಟಿನವನನ್ನು ಆ ಗುಂಪಿನಲ್ಲಿ ಎಲ್ಲಿ ನಿಲ್ಲಿಸೋಣ?

ಇನ್ನು 'ಕೊರವಂಜಿ'. ಬಗಲಲ್ಲಿ ಪುಟ್ಟಿ, ಬೆನ್ನಿಗೆ ಕೂಸು ಕಟ್ಟಿಕೊಂಡು ಮನೆಮನೆಗೆ ಕಣಿ ಹೇಳುವ ಕೊರವರ ಹೆಣ್ಣು ಅವಳು. ಇದ್ದದ್ದನ್ನು ಇದ್ದ ಹಾಗೆ ಹೇಳುವವಳೆಂದು ನಗೆಪತ್ರಿಕೆಗೆ ಅವಳ ಹೆಸರು. ಜಾಣ ಹೆಸರು, ಒಪ್ಪುತ್ತೇವೆ. ಆದರೆ ಪತ್ರಿಕೆ ಹುಟ್ಟಿದ ಆ 1942ರಲ್ಲಿ ನಿಜವಾದ ಕೊರವರ ಗತಿ ಏನಿತ್ತು? 1871ರ ಕಾಯ್ದೆ ಅವರಂಥ ಜಾತಿಗಳನ್ನು ಹುಟ್ಟಾ ಅಪರಾಧಿಗಳೆಂದು ಬರೆದಿಟ್ಟಿತ್ತು. ಊರು ಬಿಡಬೇಕಾದರೆ ಹಾಜರಿ, ಅಪ್ಪಣೆ. ನಮ್ಮ ಗದಗ, ಹುಬ್ಬಳ್ಳಿಗಳಲ್ಲಿ ಇಂಥವರನ್ನು ಸೆಟ್ಲಮೆಂಟಿನೊಳಗೆ ಕೂಡಿಹಾಕಿದ್ದರು. ಆ ಕಾಯ್ದೆ ದೇಶದಿಂದ ಪೂರ್ತಿ ತೊಲಗಿದ್ದು 1952ರಲ್ಲಿ. ಅವಳ ಹೆಸರು ಬೆಂಗಳೂರಿನ ಓದುಗರ ಪಡಸಾಲೆಗೆ ತಿಂಗಳು ತಿಂಗಳು ಹೋಗಿ ಬಂತು. ಅವಳು ಹೋಗಿದ್ದರೆ ಬಾಗಿಲ ಹೊರಗೇ.

ನಕ್ಕವರನ್ನು ನಾವು ಬೈಯುವುದಿಲ್ಲ. ನಾವೂ ನಕ್ಕಿದ್ದೇವೆ, ಲಕ್ಷ್ಮಣರ ಕಾಗೆಗಳನ್ನು ನೋಡಿ ನಗದವರು ಯಾರು? ಆದರೆ ಕಣಿ ಹೇಳುವವಳ ಕೈಗೇ ಕುಂಚ ಬಂದರೆ ಆ ಧೋತರದವನ ಮುಖ ಹೇಗೆ ಮೂಡೀತು? ಪತ್ರಿಕೆ 1967ಕ್ಕೆ ನಿಂತಿತು. ಅವಳು ನಿಂತಿಲ್ಲ. ಗಜೇಂದ್ರಗಡದ ಸಂತೆಯಲ್ಲಿ ಪುಟ್ಟಿ, ಕಸಬರಿಗಿ ಇಟ್ಟುಕೊಂಡು ಕೂತಿದ್ದಾಳೆ, ರೇಟು ಕೇಳಿದರೆ ಖಡಕ್ಕಾಗಿ ಹೇಳುತ್ತಾಳೆ.