ಚಿಕ್ಕ ಗಾಲಿಯ ದೊಡ್ಡ ಓಟ

ಗಾಲಿ ಚಿಕ್ಕದಾದರೆ ಸೈಕಲ್ಲು ಮಕ್ಕಳದ್ದು ಎಂಬ ನಂಬಿಕೆಯನ್ನು 1962ರಲ್ಲಿ ಇಂಗ್ಲೆಂಡಿನ ಅಲೆಕ್ಸ್ ಮೌಲ್ಟನ್ ಅಲ್ಲಾಡಿಸಿಬಿಟ್ಟರು. ಮಿನಿ ಕಾರಿಗೆ ರಬ್ಬರಿನ ಸಸ್ಪೆನ್ಷನ್ ಮಾಡಿಕೊಟ್ಟ ಎಂಜಿನಿಯರ್ ಅವರು. ಅದೇ ರಬ್ಬರನ್ನು 16 ಇಂಚಿನ ಗಾಲಿಯ ಸೈಕಲ್ಲಿಗೂ ತಂದರು.

ಗಾಲಿ ಚಿಕ್ಕದಾದಷ್ಟೂ ಗುಂಡಿಯಲ್ಲಿ ಆಳಕ್ಕೆ ಇಳಿಯುತ್ತದೆ, ಕುಲುಕಾಟ ಜಾಸ್ತಿ. ದಪ್ಪನೆಯ ಮೆತ್ತನೆ ಟೈರು ಹಾಕಿದರೆ ಕುಲುಕು ತಗ್ಗೀತು, ಜೊತೆಗೆ ವೇಗವೂ ತಗ್ಗುತ್ತದೆ. ಮೌಲ್ಟನ್ ಹಿಡಿದದ್ದು ಬೇರೆ ದಾರಿ: ಸಣ್ಣ ಟೈರಿಗೆ ಗಾಳಿ ಬಿಗಿಯಾಗಿ ತುಂಬಿ, ಹೊಡೆತ ನುಂಗುವ ಕೆಲಸವನ್ನು ಸಸ್ಪೆನ್ಷನ್ನಿಗೆ ಒಪ್ಪಿಸಿದರು. ಹಿಂದಿನ ಗಾಲಿ ಕಲ್ಲು ಹತ್ತಿದಾಗ ಅದನ್ನು ಹಿಡಿದ ತೋಳು ಮೇಲೆದ್ದು ರಬ್ಬರಿನ ತುಂಡನ್ನು ಅದುಮುತ್ತದೆ; ಸೀಟಿನಲ್ಲಿ ಕೂತವರಿಗೆ ತಟ್ಟುವುದು ಅದರ ಅಲ್ಪ ಪಾಲು. ಎಂಥ ಚೊಕ್ಕ ಯೋಚನೆ! ಹಗುರ ಗಾಲಿ ಬೇಗ ವೇಗ ಹಿಡಿಯುತ್ತದೆ, ಗಾಳಿಯ ತಡೆಗೂ ಕಡಿಮೆ ಸಿಗುತ್ತದೆ.

ಅದೇ ವರ್ಷ ಜಾನ್ ವುಡ್‌ಬರ್ನ್ ಈ ಸೈಕಲ್ಲಿನಲ್ಲಿ ಕಾರ್ಡಿಫ್‌ನಿಂದ ಲಂಡನ್ನಿಗೆ ತುಳಿದು ಹಳೆಯ ದಾಖಲೆ ಮುರಿದರು. 1986ರಲ್ಲಂತೂ ಗಾಳಿ ಸೀಳುವ ಹೊದಿಕೆ ತೊಟ್ಟ ಮೌಲ್ಟನ್ ಸೈಕಲ್ಲು ಗಂಟೆಗೆ 82 ಕಿ.ಮೀ. ದಾಟಿತು; ಸವಾರ ಜಿಮ್ ಗ್ಲೋವರ್ ಕೂತಿದ್ದದ್ದು ಮಾಮೂಲಿ ಸೈಕಲ್ಲಿನ ಭಂಗಿಯಲ್ಲೇ.