ಪೂರೀಮ್ ಹಬ್ಬವೂ ನಮ್ಮ ಎಸ್ತೇರಳ ವಾಚನವೂ

ಎಸ್ತೇರಳ ಗ್ರಂಥದಿಂದ ನಮ್ಮ ಪ್ರಸಂಗಪೀಠಗಳಲ್ಲಿ ಕೇಳಿಬರುವುದು ಬಹುಮಟ್ಟಿಗೆ ಒಂದೇ ವಚನ: 4:14. ಅದರಲ್ಲಿಯೂ ಉತ್ತರಾರ್ಧ ಮಾತ್ರ. ಎಸ್ತೇರಳು ಪಟ್ಟಕ್ಕೆ ಬಂದದ್ದು ಇಂಥ ಸಮಯಕ್ಕಾಗಿಯೇ ಇರಬಹುದೆಂಬ ಮೊರ್ದೆಕೈಯ ಮಾತನ್ನು ವಿವರಿಸಿ, ವೈಯಕ್ತಿಕ ಕರೆಯನ್ನು ಕುರಿತು ಉಪದೇಶಿಸಿ ನಾವು ಪುಸ್ತಕ ಮುಚ್ಚುತ್ತೇವೆ. ಕಥೆಯು ಯಾವ ಹಬ್ಬದ ಸ್ಥಾಪನೆಯತ್ತ ಸಾಗುತ್ತದೆಯೋ ಆ ಹಬ್ಬದವರೆಗೆ ನಾವು ತಲುಪುವುದಿಲ್ಲ.

ಯೆಹೂದ್ಯರಾದರೋ ಇಡೀ ಗ್ರಂಥವನ್ನು ಓದಿ ಕೇಳುತ್ತಾರೆ. ಅದಾರ್ ತಿಂಗಳಿನ 13ರಂದು ಉಪವಾಸ, 14ರಂದು ಪೂರೀಮ್. ಸಂಜೆಯೂ ಬೆಳಿಗ್ಗೆಯೂ ಸುರುಳಿಯನ್ನು ಓದುವಾಗ ಹಾಮಾನನ ಹೆಸರು ಬಂದೊಡನೆ ಸಭಾಮಂದಿರದಲ್ಲಿ ಗದ್ದಲವೇಳುತ್ತದೆ. ಔತಣ, ನೆರೆಯವರಿಗೆ ತಿನಿಸು, ಬಡವರಿಗೆ ದಾನ, ಇವು ಮೂರೂ 9:22ರಲ್ಲಿಯೇ ವಿಧಿಸಲ್ಪಟ್ಟಿವೆ. ‘ಪೂರ್’ ಎಂದರೆ ಚೀಟು. ಒಂದು ಜನಾಂಗದ ನಾಶಕ್ಕೆ ದಿನ ಗೊತ್ತುಮಾಡಲು ಹಾಕಿದ ಚೀಟೇ ಬಿಡುಗಡೆಯ ಹಬ್ಬಕ್ಕೆ ಹೆಸರಾಯಿತು.

ಈ ಗ್ರಂಥದ ಹೀಬ್ರೂ ಪಾಠದಲ್ಲಿ ದೇವರ ಹೆಸರು ಒಮ್ಮೆಯೂ ಬಾರದು. ಗ್ರೀಕ್ ಪಾಠವು ಪ್ರಾರ್ಥನೆಗಳನ್ನು ಸೇರಿಸಿ ಆ ಮೌನವನ್ನು ತುಂಬಿತು. ಲೂಥರನು ಗ್ರಂಥವನ್ನೇ ಮೆಚ್ಚಲಿಲ್ಲ. ಆದರೆ ಹಬ್ಬವು ಆ ಮೌನವನ್ನು ಹಾಗೆಯೇ ಉಳಿಸಿಕೊಂಡು, ಬಿಡುಗಡೆ ಹೊಂದಿದವರ ಕೃತಜ್ಞತೆಯನ್ನು ಬಡವನ ಮನೆಬಾಗಿಲಿಗೆ ಒಯ್ಯುತ್ತದೆ.

9ನೆಯ ಅಧ್ಯಾಯ ಕಠಿನವಾದದ್ದೆಂಬುದನ್ನು ನಾವು ಮರೆಮಾಚುವುದಿಲ್ಲ. ಎಪ್ಪತ್ತೈದು ಸಾವಿರ ಮಂದಿ ಹತರಾದರೆಂದು ಅದು ಹೇಳುತ್ತದೆ. ಕೊಳ್ಳೆಗೆ ಕೈಹಾಕಲಿಲ್ಲವೆಂದು ಮೂರು ಸಾರಿ ಸ್ಪಷ್ಟಪಡಿಸಿದರೂ, ಎಸ್ತೇರಳು ಕೇಳಿಕೊಂಡ ಎರಡನೆಯ ದಿನದ ಹತ್ಯೆಯನ್ನು ಆತ್ಮರಕ್ಷಣೆಯೆಂದು ಸಮರ್ಥಿಸುವುದು ಸುಲಭವಲ್ಲ. ಆದರೂ ಈ ಅಧ್ಯಾಯವನ್ನು ಹಿಡಿದು ಯೆಹೂದ್ಯರನ್ನು ದೂಷಿಸುವ ಅಧಿಕಾರ ಕ್ರೈಸ್ತ ಸಭೆಗಿಲ್ಲ. ಶತಮಾನಗಳ ಕಾಲ ಅವರನ್ನು ಊರುಗಳಿಂದ ಅಟ್ಟಿದವರಲ್ಲಿ ಕ್ರೈಸ್ತ ಅರಸರೂ ಸಭಾಧಿಕಾರಿಗಳೂ ಇದ್ದರು. ಗ್ರಂಥದ ಅರಸನೂ ಸಹಿಹಾಕಿದ ಶಾಸನವನ್ನು ರದ್ದುಮಾಡಲಾರನು. ಕೊಲ್ಲಲು ಬರುವವರನ್ನು ಎದುರಿಸಲು ಅಪ್ಪಣೆಯನ್ನಷ್ಟೇ ಕೊಡಬಲ್ಲನು. ರಕ್ತಪಾತದ ಮೂಲವು ಆ ಶಾಸನವೇ ಎಂಬುದನ್ನು ಪ್ರಸಂಗಿಯು ಮೊದಲು ಹೇಳಬೇಕು.

ಹೀಗೆ ಓದಿದಾಗ 4:14ರ ಪೂರ್ವಾರ್ಧವೂ ಕಿವಿಗೆ ಬೀಳುತ್ತದೆ. ಅಲ್ಲಿರುವುದು ಸುಮ್ಮನಿರುವವಳಿಗೆ ಎಚ್ಚರಿಕೆ: ಬಿಡುಗಡೆ ಬೇರೆ ಕಡೆಯಿಂದ ಬಂದೀತು, ಸುಮ್ಮನಿದ್ದವಳು ನಾಶವಾದಾಳು. ನಾಜಿಗಳ ಆಳಿಕೆಯಲ್ಲಿ ಯೂರೋಪಿನ ಸಭೆಗಳ ಬಹುಭಾಗ ಸುಮ್ಮನಿತ್ತು. ಆದ್ದರಿಂದ ಈ ವಚನವನ್ನು ಯುವಜನರ ಮಹತ್ವಾಕಾಂಕ್ಷೆಗೆ ಪ್ರೋತ್ಸಾಹವಾಗಿ ಮಾತ್ರ ಬಳಸುವುದು ನಮಗೆ ತಕ್ಕದ್ದಲ್ಲ. ಮುಂದಿನ ಸಾರಿ ಎಸ್ತೇರಳನ್ನು ಕುರಿತು ಪ್ರಸಂಗಿಸುವ ಮುನ್ನ ಹತ್ತು ಅಧ್ಯಾಯಗಳನ್ನೂ ಒಂದೇ ಸಾರಿ ಕುಳಿತು ಓದೋಣ. ಇಂದು ನಮ್ಮ ನಡುವೆ ಯಾರ ಹೆಸರಿಗೆ ಚೀಟು ಹಾಕಲ್ಪಟ್ಟಿದೆ, ನಾವು ಎಲ್ಲಿ ಸುಮ್ಮನಿದ್ದೇವೆ ಎಂದು ನಮ್ಮನ್ನೇ ಕೇಳಿಕೊಳ್ಳೋಣ.